ಪೂಜೆಗೆ ಕೂತ ಡಿಸ್ಕ್

ಆಯುಧಪೂಜೆ ಕಳೆದ ಮೇಲಿನ ಸೋಮವಾರ ಪೀಣ್ಯದಲ್ಲಿ ಸ್ಕೂಟರ್ ಓಡಿಸುವವರಿಗೆ ಎರಡು ಕಣ್ಣು ಸಾಲದು. ಒಂದೊಂದು ಫ್ಯಾಕ್ಟರಿಯ ಗೇಟಿನ ಮುಂದೂ ಒಡೆದ ಬೂದುಗುಂಬಳದ ಲೋಳೆ, ಅದರ ಮೇಲೆ ಕುಂಕುಮ, ಪಕ್ಕದಲ್ಲಿ ಬಾಡಿ ಬಿದ್ದ ಬಾಳೆಕಂದು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಎಲ್ಲ ಲಾರಿಗಳೂ ಒಳರಸ್ತೆಗೆ ನುಗ್ಗುತ್ತಿದ್ದವು, ಅವುಗಳ ಮೂತಿಗೂ ಇನ್ನೂ ಚೆಂಡುಹೂವಿನ ಹಾರ ಇತ್ತು. ನಾನು ಕುಂಬಳಕಾಯಿ ತಪ್ಪಿಸುತ್ತ, ಲಾರಿ ತಪ್ಪಿಸುತ್ತ ಎರಡನೇ ಹಂತದ ಒಂದು ಮೆಷಿನ್ ಷಾಪಿನ ಕಡೆ ಹೋಗುತ್ತಿದ್ದೆ. ಅಲ್ಲಿನ ಫೋರ್ಮನ್ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದ್ದರು.

"ಮೇಡಂ, ಒಸಿ ಬರ್ತೀರಾ? ನನ್ ಪ್ರೋಗ್ರಾಮು ಸೊನ್ನೆ ಆಗೋಗದೆ."

"ಸೊನ್ನೆ ಅಂದ್ರೆ?"

"ಫೈಲು ಅದೆ. ಒಳಗೆ ಏನೂ ಇಲ್ಲ. ಸೈಜು ಸೊನ್ನೆ ಅಂತ ತೋರಿಸ್ತದೆ. ಸೇವ್ ಮಾಡುವಾಗ ಡಿಸ್ಕ್ ಫುಲ್ ಅಂತ ಬಂತು."

"ಏನೂ ಮುಟ್ಬೇಡಿ. ಬರ್ತಾ ಇದೀನಿ."

ಆಗ ನಾನು ಪೀಣ್ಯದ ಇಪ್ಪತ್ತು ಚಿಲ್ಲರೆ ಸಣ್ಣ ಫ್ಯಾಕ್ಟರಿಗಳಲ್ಲಿ ಎಲ್ಲರ ಫೈಲುಗಳನ್ನೂ ಇಟ್ಟುಕೊಳ್ಳುವ ಲಿನಕ್ಸ್ ಸರ್ವರ್‌ಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದೆ. "ಏನೂ ಮುಟ್ಬೇಡಿ" ಎನ್ನುವುದು ನನ್ನ ಬಾಯಲ್ಲಿ ನಮಸ್ಕಾರಕ್ಕಿಂತ ಮೊದಲು ಬರುತ್ತಿದ್ದ ಮಾತು. ಮುಟ್ಟಿದವರಿಗೆ ಚೆನ್ನಾಗಿ ಬೈಯುತ್ತಿದ್ದೆ ಕೂಡ. ಸರ್ವರ್ ಕೋಣೆಯಲ್ಲಿ ಸ್ವೀಟ್ ಬಾಕ್ಸ್ ಇಟ್ಟವರಿಗೆ, ಯುಪಿಎಸ್‌ನಿಂದ ಮೊಬೈಲ್ ಚಾರ್ಜ್ ಮಾಡಿದವರಿಗೆ, ಎಲ್ಲರಿಗೂ ಒಂದೇ ದರ. ನನ್ನನ್ನು ಕಂಡರೆ ಕೆಲವು ಫ್ಯಾಕ್ಟರಿಗಳಲ್ಲಿ ಜನ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಈ ಫೋರ್ಮನ್ ಮಾತ್ರ ನನಗೆ ಹೆದರುವವರ ಹಾಗೆ ಕಾಣುತ್ತಿರಲಿಲ್ಲ. ಐವತ್ತು ದಾಟಿದವರು, ಪೀಣ್ಯ ನುಂಗಿದ ಹಳ್ಳಿಗಳಲ್ಲೊಂದರ ಮೂಲ ಮನೆತನದವರು. ಫ್ಯಾಕ್ಟರಿಯ ಬೈಕುಗಳು ನಿಲ್ಲುವ ಜಾಗದಲ್ಲೇ ಅವರ ಅಜ್ಜಿ ರಾಗಿ ಬೆಳೆದಿದ್ದರಂತೆ. ಅದನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ. ಅಡ್ಡಾದಿಡ್ಡಿ ಬೈಕ್ ನಿಲ್ಲಿಸುವವರಿಗೆ "ಸಾಲು ನೋಡ್ಕಂಡು ನಿಲ್ಸಪ್ಪ, ನಮ್ಮಜ್ಜಿ ಪೈರು ತುಳೀಬ್ಯಾಡ" ಎನ್ನುತ್ತಿದ್ದರು. ಡಿಪ್ಲೊಮಾ ಇಲ್ಲ, ಐಟಿಐ ಇಲ್ಲ. ಲೇತ್ ಮೇಲೆ ಕೈ ಪಳಗಿಸಿಕೊಂಡವರು ನಲವತ್ತೈದರ ಮೇಲೆ ಕಂಪ್ಯೂಟರ್ ಕಲಿತು, ಸಿಎನ್‌ಸಿ ಮೆಷಿನ್‌ಗಳಿಗೆ ತಾವೇ ಪ್ರೋಗ್ರಾಂ ಬರೆಯಲು ಶುರು ಮಾಡಿದ್ದರು. ಕಟರ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ, ಎಷ್ಟು ಆಳಕ್ಕೆ ಎಂದು ಸಾಲುಸಾಲಾಗಿ ಬರೆದುಕೊಡುವ ಕೆಲಸ ಅದು.

ಅವರದೊಂದು ಅಭ್ಯಾಸವಿತ್ತು. ಯಾವ ಮೈಕ್ರೋಮೀಟರನ್ನು ಕೈಗೆ ತೆಗೆದುಕೊಂಡರೂ ಮೊದಲು ಗಾತ್ರ ಖಚಿತವಾಗಿ ಗೊತ್ತಿರುವ ಒಂದು ಉಕ್ಕಿನ ಅಳತೆಕಲ್ಲನ್ನು ಅದರಲ್ಲಿ ಹಿಡಿದು ನೋಡುತ್ತಿದ್ದರು. ಉಪಕರಣ ಸರಿ ಹೇಳುತ್ತಿದೆ ಎಂದು ಗೊತ್ತಾದ ಮೇಲೆಯೇ ಕೆಲಸದ ತುಂಡನ್ನು ಅಳೆಯುವುದು. ವರ್ಷಕ್ಕೊಮ್ಮೆ ಎಲ್ಲ ಉಪಕರಣಗಳೂ ಪರೀಕ್ಷೆಗೆ ಹೋಗಿ ಬಂದು, ಒಂದೊಂದರ ಮೇಲೂ ಹಸಿರು ಚೀಟಿ ಅಂಟುತ್ತಿತ್ತು. ಪರೀಕ್ಷಿಸಿದ ದಿನ, ಮುಂದಿನ ಪರೀಕ್ಷೆಯ ದಿನ. ಒಮ್ಮೆ ಅವರು ನನ್ನನ್ನೂ ಕೇಳಿದ್ದರು, "ಮೇಡಂ, ಈ ಬ್ಯಾಕಪ್ಪು ಬ್ಯಾಕಪ್ಪು ಅಂತೀರಲ್ಲ, ಯಾವತ್ತಾದ್ರೂ ಪರೀಕ್ಷೆ ಮಾಡಿದೀರಾ?" ನಾನು, "ಬ್ಯಾಕಪ್ ಮಾಡೋದು ನಾನ್ ಬರೆದ ಸ್ಕ್ರಿಪ್ಟು, ನಿಮ್ ಮೈಕ್ರೋಮೀಟರ್ ಅಲ್ಲ ಸಾರ್, ಸವೆಯಲ್ಲ" ಎಂದು ಬಾಯಿ ಮುಚ್ಚಿಸಿದ್ದೆ.

ಒಳಗೆ ಹೋದಾಗ ಪ್ರತಿ ಮೆಷಿನ್ನಿನ ಹಣೆಗೂ ವಿಭೂತಿ, ಕುಂಕುಮ. ಮಾನಿಟರಿಗೂ ಕುಂಕುಮ, ಪ್ರಿಂಟರಿಗೂ ಕುಂಕುಮ, ನನ್ನ ಸರ್ವರಿನ ಮುಂದೆ ಒಂದು ಒಣಗಿದ ಸೇವಂತಿಗೆ. ಆ ವಾರ ಪೀಣ್ಯದಲ್ಲಿ ಕುಂಕುಮ ಇಲ್ಲದ ವಸ್ತು ಹುಡುಕುವುದೇ ಕಷ್ಟ, ಹಾಗಾಗಿ ನಾನು ಯಾವುದನ್ನೂ ಗಮನಿಸಲಿಲ್ಲ. ಕೂತು ಡಿಎಫ್ ಎಂಬ ಆಜ್ಞೆ ಕೊಟ್ಟೆ. ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ಹೇಳುವ ಆಜ್ಞೆ ಅದು. ಎಪ್ಪತ್ತೈದು ಜಿಬಿಯ ಜಾಗ, ಎಪ್ಪತ್ತೈದೂ ಭರ್ತಿ. ಫೋರ್ಮನ್‌ರ ಫೈಲು ಸೊನ್ನೆಯಾದದ್ದು ಏಕೆಂದು ಆಗಲೇ ತಿಳಿಯಿತು. ಸೇವ್ ಒತ್ತಿದಾಗ ಹಳೆಯದು ಅಳಿಸಿತು, ಹೊಸದು ಬರೆಯಲು ಜಾಗ ಸಿಗಲಿಲ್ಲ.

"ಚಿಂತೆ ಬೇಡ. ಬ್ಯಾಕಪ್ ಇದೆ" ಎಂದೆ. ಸರ್ವರಿಗೆ ಹಿಂದಿನಿಂದ ಒಂದು ಯುಎಸ್‌ಬಿ ಡಿಸ್ಕ್ ಚುಚ್ಚಿದ್ದೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ, ಎಲ್ಲರೂ ಊಟಕ್ಕೆ ಎದ್ದಾಗ, ನನ್ನ ಸ್ಕ್ರಿಪ್ಟ್ ಸರ್ವರಿನಲ್ಲಿರುವುದನ್ನೆಲ್ಲ ಅದಕ್ಕೆ ನಕಲು ಮಾಡುತ್ತಿತ್ತು. ನೋಡಿದರೆ ಕೊನೆಯ ನಕಲು ಶುಕ್ರವಾರದ್ದು, ಪೂಜೆಯ ದಿನದ್ದು. ಶನಿವಾರ, ಭಾನುವಾರದ್ದು ಇರಲಿಲ್ಲ.

"ಶುಕ್ರವಾರದ್ದು ಸಿಕ್ತು ಸಾರ್."

ಫೋರ್ಮನ್ ನಕ್ಕರು, ಆದರೆ ಅದು ಅವರ ಮಾಮೂಲಿ ನಗುವಲ್ಲ. "ಶುಕ್ರವಾರದ್ದು ನಡುಗ್ತದೆ ಮೇಡಂ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಮೇಜಿನ ಮೇಲಿದ್ದ ಒಂದು ಅಲ್ಯುಮಿನಿಯಂ ಕವಚವನ್ನು ಕೈಗೆ ಕೊಟ್ಟರು. ಪಂಪೊಂದರ ಭಾಗ, ಗೋಡೆ ಬಹಳ ತೆಳು. ಒಳಮೈ ಮೇಲೆ ಬೆರಳಾಡಿಸಿದರೆ ಅಲೆಅಲೆಯಾಗಿ ಸಿಗುತ್ತಿತ್ತು. ಕೊರೆಯುವಾಗ ತೆಳು ಗೋಡೆ ನಡುಗಿ ಹಾಗಾಗುತ್ತದಂತೆ. ನಾಲ್ಕು ತಿಂಗಳಿಂದ ಅವರು ಆ ನಡುಕದ ಹಿಂದೆ ಬಿದ್ದಿದ್ದರು. ಶನಿವಾರ ವಿಜಯದಶಮಿ, ಆಯುಧ ಮುಟ್ಟುವ ಹಾಗಿಲ್ಲ, ಆದರೆ ಅಕ್ಷರಕ್ಕೆ ಒಳ್ಳೆಯ ದಿನ ಎಂದು ತಾವೇ ತೀರ್ಮಾನಿಸಿಕೊಂಡು ರಜೆಯಲ್ಲಿ ಒಬ್ಬರೇ ಬಂದು ಬರೆಯಲು ಕೂತರು. ಒಂದೇ ಕಡೆ ಕೊರೆಯುವ ಬದಲು ಎದುರುಬದುರು ಗೋಡೆಗಳನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಕೊರೆಯುವ ಹಾಗೆ ಇಡೀ ಕ್ರಮವನ್ನು ತಿರುಗಿಸಿ ಬರೆದರು. ಭಾನುವಾರ ಹನ್ನೆರಡಕ್ಕೆ ಮುಗಿಸಿ, ಖುಷಿಯಲ್ಲಿ ಮನೆಗೆ ಹೋಗಿ ಒಬ್ಬಟ್ಟು ತಿಂದರು. ಸೋಮವಾರ ಬೆಳಿಗ್ಗೆ ಬಂದವರು ಒಂದೇ ಒಂದು ಅಂಕಿ ಬದಲಿಸಿ ಸೇವ್ ಒತ್ತಿದರು.

"ಮತ್ತೆ ಬರೀಬೌದು. ಆದ್ರೆ ಅದೇ ಬರ್ತದಾ ಅಂತ ಗೊತ್ತಿಲ್ಲ. ಆ ಎರಡ್ ದಿನ ಕೈಗೆ ಏನೋ ಸಿಕ್ಬುಟ್ಟಿತ್ತು" ಎಂದರು.

ಅಷ್ಟರಲ್ಲಿ ಮಾಲೀಕರು ಬಂದರು. ಒಳ್ಳೆಯ ಮನುಷ್ಯ, ಆದರೆ ಅವಸರದವರು. ಬುಧವಾರ ಬೆಳಿಗ್ಗೆ ಗಿರಾಕಿ ಕಂಪನಿಯ ಇನ್‌ಸ್ಪೆಕ್ಟರ್‌ಗಳು ಮೊದಲ ತುಂಡನ್ನು ನೋಡಲು ಬರುವವರಿದ್ದರು. ಹೊರಗಿನ ಒಂದು ಸಂಸ್ಥೆ ಪ್ರೋಗ್ರಾಂ ಬರೆದುಕೊಡಲು ತಯಾರಾಗಿ ಕೂತಿತ್ತು. ಫೋರ್ಮನ್ ಹಠ ಹಿಡಿದು ನಾನೇ ಬರೆಯುತ್ತೇನೆ ಎಂದಿದ್ದರಿಂದ ಮಾಲೀಕರು ಇಷ್ಟು ದಿನ ಸುಮ್ಮನಿದ್ದರು.

"ನೋಡಿ ಮೇಡಂ, ಬುಧವಾರ ಪೀಸ್ ಪಾಸಾಗ್ಲಿಲ್ಲ ಅಂದ್ರೆ ನಾನು ಪ್ರೋಗ್ರಾಮಿಂಗ್ ಹೊರಗಡೆಗೆ ಕೊಟ್ಬಿಡ್ತೀನಿ. ಇವ್ರು ವಾಪಸ್ ಲೇತ್ ನೋಡ್ಕೊಳ್ಲಿ. ಬೇಜಾರ್ ಮಾಡ್ಕೋಬೇಡಿ" ಎಂದು, ನನಗೆ ಹೇಳುವ ಹಾಗೆ ಅವರಿಗೆ ಹೇಳಿದರು.

ಫೋರ್ಮನ್ ಜೇಬಿನಿಂದ ಬನಿಯನ್ ಬಟ್ಟೆ ತೆಗೆದು ಆಗಲೇ ಸ್ವಚ್ಛವಾಗಿದ್ದ ಮೈಕ್ರೋಮೀಟರನ್ನು ಒರೆಸತೊಡಗಿದರು.

ನಾನು ಕೆಲಸಕ್ಕೆ ಇಳಿದೆ. ಮೊದಲ ಪ್ರಶ್ನೆ, ಎಪ್ಪತ್ತೈದು ಜಿಬಿಯನ್ನು ತಿಂದದ್ದು ಯಾವುದು? ಅದಕ್ಕೆ ಡಿಯು ಎಂಬ ಇನ್ನೊಂದು ಆಜ್ಞೆ ಇದೆ. ಅದು ಫೋಲ್ಡರ್ ಫೋಲ್ಡರ್ ಸುತ್ತಿ ಒಂದೊಂದರ ತೂಕ ಹೇಳುತ್ತದೆ. ಫ್ಯಾಕ್ಟರಿಯ ಫೈಲುಗಳು ಇಪ್ಪತ್ತೊಂಬತ್ತು, ಲಿನಕ್ಸ್ ತನ್ನ ಸ್ವಂತಕ್ಕೆ ಇಟ್ಟುಕೊಂಡದ್ದು ಐದು. ಒಟ್ಟು ಮೂವತ್ತನಾಲ್ಕು. ಉಳಿದ ನಲವತ್ತೊಂದು ಜಿಬಿ ಎಲ್ಲಿ? ಒಂದು ಆಜ್ಞೆ ಭರ್ತಿ ಎನ್ನುತ್ತದೆ, ಇನ್ನೊಂದು ಅರ್ಧಕ್ಕಿಂತ ಹೆಚ್ಚು ಖಾಲಿ ಎನ್ನುತ್ತದೆ. ಎರಡೂ ಸುಳ್ಳು ಹೇಳುವ ಆಜ್ಞೆಗಳಲ್ಲ. ಇನ್ನೊಮ್ಮೆ ಕೂಡಿಸಿದೆ, ಮತ್ತೆ ಅದೇ ಮೂವತ್ತನಾಲ್ಕು.

ಇಂಥದ್ದಕ್ಕೆ ನನಗೆ ಗೊತ್ತಿದ್ದ ಕಾರಣ ಒಂದೇ. ಅಳಿಸಿದ ಫೈಲನ್ನು ಯಾವುದಾದರೂ ಸಾಫ್ಟ್‌ವೇರ್ ಇನ್ನೂ ಹಿಡಿದುಕೊಂಡಿದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ಹುಡುಕಿದೆ, ಯಾರೂ ಏನೂ ಹಿಡಿದಿರಲಿಲ್ಲ. ಸರ್ವರ್ ಬೆಳಿಗ್ಗೆಯಷ್ಟೇ ಆಫ್ ಆಗಿ ಆನ್ ಆಗಿದೆ ಎಂದು ಅದರ ದಿನಚರಿ ಹೇಳುತ್ತಿತ್ತು, ಹಾಗಾದ ಮೇಲೆ ಹಿಡಿದುಕೊಳ್ಳುವ ಪ್ರಶ್ನೆಯೇ ಇಲ್ಲ. "ಇದನ್ನ ಆಫ್ ಮಾಡಿದ್ಯಾರು?" ಎಂದು ಗದರಿದೆ. "ಕರೆಂಟು ಓಗಿತ್ತೇನೋ" ಎಂದರು ಫೋರ್ಮನ್, ಗೋಡೆ ನೋಡುತ್ತ. ಯುಪಿಎಸ್ ಇದ್ದೂ ಕರೆಂಟು ಹೇಗೆ ಹೋಗುತ್ತದೆ ಎಂದು ನಾನು ಆಗ ಯೋಚಿಸಬೇಕಿತ್ತು.

ನಾನು ಯೋಚಿಸಿದ್ದು ಬೇರೆ. ಅಳಿಸಿಹೋದ ಫೈಲನ್ನು ಡಿಸ್ಕಿನ ಮೂಲೆಯಿಂದ ಕೆದಕಿ ತೆಗೆಯುವ ಒಂದು ಸಾಫ್ಟ್‌ವೇರ್ ಇತ್ತು, ಅದನ್ನು ಹಾಕೋಣ ಎಂದು ಹೊರಟೆ. ಲಿನಕ್ಸಿಗೆ ಬೇಕಾದ ಸಾಫ್ಟ್‌ವೇರೆಲ್ಲ ರೆಪಾಸಿಟರಿ ಎಂಬ ಉಗ್ರಾಣದಿಂದ ಬರುತ್ತದೆ. ಹೆಸರು ಹೇಳಿದರೆ ಇಂಟರ್ನೆಟ್ ಮೂಲಕ ಅದೇ ತಂದು ಕೂರಿಸುತ್ತದೆ. ಡೇಟಾ ಕಾರ್ಡ್ ಚುಚ್ಚಿ ಹೆಸರು ಹೇಳಿದೆ. ಆ ವಿಳಾಸದಲ್ಲಿ ಏನೂ ಇಲ್ಲ ಎಂಬ ಉತ್ತರ ಬಂತು. ಮತ್ತೆ ಹೇಳಿದೆ, ಮತ್ತೆ ಅದೇ ಉತ್ತರ. ಈ ಸರ್ವರಿನ ಲಿನಕ್ಸ್ ಹಳೆಯದಾಗಿ, ಅದರ ಉಗ್ರಾಣವನ್ನು ಹಳೆಯ ಸಾಮಾನಿನ ಗೋದಾಮಿಗೆ ಸಾಗಿಸಿಬಿಟ್ಟಿದ್ದರು. ನಾನು ಹೊಸದಕ್ಕೆ ಏರಿಸುತ್ತೇನೆ ಏರಿಸುತ್ತೇನೆ ಎಂದು ಎರಡು ವರ್ಷ ತಳ್ಳಿದ್ದೆ. ಗೋದಾಮಿನ ವಿಳಾಸ ಹುಡುಕಿ, ಸರ್ವರಿನಲ್ಲಿ ತಿದ್ದಿ ಬರೆದು ಸೇವ್ ಮಾಡಿದೆ. ಜಾಗವಿಲ್ಲ ಎಂದಿತು. ತಿದ್ದುತ್ತಿದ್ದ ಫೈಲೂ ಸೊನ್ನೆಯಾಯಿತು. ಬೆಳಿಗ್ಗೆ ಫೋರ್ಮನ್‌ಗೆ ಆದದ್ದೇ ನನಗೂ ಆಯಿತು, ಅದೂ ಅವರ ಕಣ್ಣೆದುರಿಗೇ.

"ನಿಮ್ದೂ ಸೊನ್ನೆ ಆಯ್ತಾ?" ಎಂದು ಅವರು ಬಹಳ ಮೃದುವಾಗಿ ಕೇಳಿದರು.

ಹಳೆಯ ದಿನಚರಿಗಳ ಲಾಗ್ ಫೈಲುಗಳನ್ನು ಅಳಿಸಿ ಅಂಗೈಯಗಲ ಜಾಗ ಮಾಡಿಕೊಂಡು ಆ ಫೈಲನ್ನು ಮತ್ತೆ ಬರೆದೆ. ಗೋದಾಮು ಈ ಸಲ ಬಾಗಿಲು ತೆರೆಯಿತು, ಇಳಿಸಿಕೊಳ್ಳಲೇ ಎಂದು ಕೇಳಿತು. ಹೌದು ಎನ್ನುವ ಮೊದಲು ನನ್ನ ಕೈ ನಿಂತಿತು. ಕಳೆದುಹೋದ ಫೈಲು ಇರುವುದು ಇದೇ ಡಿಸ್ಕಿನಲ್ಲಿ, ಇರುವುದಾದರೆ. ಅದನ್ನು ಹುಡುಕುವ ಸಾಫ್ಟ್‌ವೇರನ್ನೂ ಇದೇ ಡಿಸ್ಕಿಗೆ ಇಳಿಸಿದರೆ ಅದು ಹೋಗಿ ಆ ಫೈಲಿನ ಮೇಲೆಯೇ ಕೂರಬಹುದು. ಬೇಡ ಎಂದೆ. ಗಂಟೆ ಹನ್ನೊಂದೂವರೆ ಆಗಿತ್ತು, ಕೈಯಲ್ಲಿ ಏನೂ ಇರಲಿಲ್ಲ.

ಲೆಕ್ಕಕ್ಕೆ ಸಿಗದ ನಲವತ್ತೊಂದು ಜಿಬಿ ನನ್ನನ್ನು ಹೆದರಿಸಿತ್ತು. ಡಿಸ್ಕೇ ಕೆಟ್ಟಿರಬೇಕು, ಡಿಸ್ಕಿನ ಭಾಗಗಳ ಲೆಕ್ಕವಿಡುವ ಪಾರ್ಟಿಷನ್ ಪಟ್ಟಿ ಹಾಳಾಗಿರಬೇಕು ಎಂದುಕೊಂಡೆ. ಮಾಲೀಕರ ಕೋಣೆಗೆ ಹೋಗಿ, ಹೊಸ ಡಿಸ್ಕ್ ಹಾಕಿ ಎಲ್ಲವನ್ನೂ ಮೊದಲಿನಿಂದ ಕೂರಿಸಿ ಶುಕ್ರವಾರದ ಬ್ಯಾಕಪ್ ತುಂಬಿಬಿಡುತ್ತೇನೆ, ಸಂಜೆಗೆ ಫ್ಯಾಕ್ಟರಿ ಓಡುತ್ತದೆ ಎಂದೆ. ಅವರು ಸರಿ ಎಂದರು. ಫೋರ್ಮನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಕೆಳಗಿಳಿದು ಹೋದರು. ಲೇತ್‌ಗಳ ಕಡೆಗೆ ಹೋದರು.

ಹಳೆಯದನ್ನು ಕೀಳುವ ಮೊದಲು ಶುಕ್ರವಾರದ ನಕಲಾದರೂ ಸರಿ ಇದೆಯೇ ಎಂದು ಒಮ್ಮೆ ತೆರೆದು ನೋಡಬೇಕೆನಿಸಿತು. ಅಳತೆಕಲ್ಲಿನ ಮಾತು ತಲೆಯ ಯಾವುದೋ ಮೂಲೆಯಲ್ಲಿ ಉಳಿದಿತ್ತೋ ಏನೋ. ಸರ್ವರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಲ್ಲಿಸಿದ್ದ ಯುಎಸ್‌ಬಿ ಡಿಸ್ಕನ್ನು ಕೇಬಲ್ ಸಮೇತ ಮೆಲ್ಲಗೆ ಹೊರಗೆಳೆದೆ. ಅದರ ಮೇಲೆ ನಾನೇ ಅಂಟಿಸಿದ ಚೀಟಿ ಇತ್ತು. ಕೆಂಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ: ಇದನ್ನು ಯಾರೂ ತೆಗೆಯಬಾರದು. ಆ ಚೀಟಿಯ ಮೇಲೆ ಅಡ್ಡಡ್ಡಲಾಗಿ ಮೂರು ವಿಭೂತಿ ಪಟ್ಟೆ, ನಡುವೆ ದುಂಡಗೆ ಕುಂಕುಮ.

ಚೀಟಿ ಇದ್ದದ್ದು ಗೋಡೆಯ ಕಡೆಯ ಮುಖದಲ್ಲಿ. ಆ ಸಂದಿಯಲ್ಲಿ ಬೆರಳು ತೂರುವುದಿಲ್ಲ, ಪಟ್ಟೆ ಎಳೆಯುವುದಂತೂ ದೂರದ ಮಾತು.

ಲೇತ್‌ಗಳ ಹತ್ತಿರ ಹೋಗಿ ಫೋರ್ಮನ್‌ರ ಮುಂದೆ ಡಿಸ್ಕಿನಷ್ಟೇ ಅಗಲಕ್ಕೆ ಕೈ ಮಾಡಿ ತೋರಿಸಿದೆ. "ಬ್ಯಾಕಪ್ ಡಿಸ್ಕಿಗೆ ಕುಂಕುಮ ಇಟ್ಟೋರು ಯಾರು?"

ಅವರು ತಕ್ಷಣ ಒಪ್ಪಿಕೊಂಡರು. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಇಳಿಸಿದವರ ಹಾಗೆ ಉಸಿರು ಬಿಟ್ಟರು. "ನಾನೇ ಮೇಡಂ. ಪೂಜೆಗೆ ತಗಂಡೋಗಿದ್ದೆ."

"ಚೀಟಿ ಓದ್ಲಿಲ್ವಾ?"

"ಓದ್ದೆ. ಪೂಜೆಗೆ ತೆಗ್ಯೋದು ತೆಗ್ದಂಗಲ್ಲ ಅಂದ್ಕಂಡೆ." ಆಮೇಲೆ ಹೇಳಿದರು, "ಎಲ್ರೂ ಅವರವರ ಆಯುಧ ಇಟ್ರು. ಟರ್ನರ್ರು ಟೂಲು ಇಟ್ಟ, ವೆಲ್ಡರ್ರು ಕನ್ನಡಕ ಇಟ್ಟ. ನನ್ ಆಯುಧ ಈಗ ಪ್ರೋಗ್ರಾಮು. ಅದನ್ನ ಎಲ್ಲಿಂದ ತಂದಿಡ್ಲಿ, ಕೈಗೆ ಸಿಗಾಕಿಲ್ಲ. ನೀವೇ ಏಳಿದ್ರಲ್ಲ, ಫ್ಯಾಕ್ಟರಿ ಪ್ರಾಣ ಈ ಡಬ್ಬೀಲಿ ಅದೆ ಅಂತ. ಅದಕ್ಕೆ ಶುಕ್ರವಾರ ಊಟ ಆದ್ಮೇಲೆ ಕಿತ್ಕಂಡೋಗಿ ಮೈಕ್ರೋಮೀಟರ್ ಪಕ್ಕ ಇಟ್ಟೆ."

"ವಾಪಸ್ ಯಾವಾಗ ಹಾಕಿದ್ರಿ?"

"ಪೂಜೆ ಕದಲಿಸೋ ಮುಂಚೆ ಮುಟ್ಟಂಗಿಲ್ಲ. ಕದಲಿಸಿದ್ದು ಇವತ್ತು ಬೆಳಿಗ್ಗೆ. ಸೇವ್ ಮಾಡ್ದಾಗ ಡಿಸ್ಕ್ ಫುಲ್ ಅಂತ ಬಂತಲ್ಲ, ಡಿಸ್ಕು ಇಲ್ದಿರೋದಕ್ಕೇ ಅಂಗಂತದೆ ಅಂತ ಓಡಿ ತಂದು ಚುಚ್ಚಿ ಆಫ್ ಮಾಡಿ ಆನ್ ಮಾಡ್ದೆ."

"ಫೋನಲ್ಲೇ ಹೇಳೋದಲ್ವಾ?"

"ನೀವು ಬೈತೀರಲ್ಲ" ಎಂದರು.

ಬೈಗುಳದ ಹೆದರಿಕೆಯಿಂದ ಅವರು ಒಂದು ಮಾತು ಹೇಳಿರಲಿಲ್ಲ. ಅದಿಲ್ಲದೆ ನಾನು ಎರಡು ಗಂಟೆಗೂ ಮೇಲೆ ಗೋಡೆಗೆ ತಲೆ ಚಚ್ಚಿಕೊಂಡಿದ್ದೆ, ಒಳ್ಳೆಯ ಡಿಸ್ಕನ್ನು ಕಿತ್ತು ಎಸೆಯಲೂ ಹೊರಟಿದ್ದೆ. ಇವರು ನನಗೆ ಹೆದರುವುದಿಲ್ಲ ಎಂದು ನಾನು ತಿಳಿದಿದ್ದೇ ತಪ್ಪಾಗಿತ್ತು.

ಈಗ ಎಲ್ಲ ಸ್ಪಷ್ಟವಾಯಿತು. ಲಿನಕ್ಸಿನಲ್ಲಿ ಹೊರಗಿನ ಡಿಸ್ಕನ್ನು ಸರ್ವರಿನ ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸುತ್ತಾರೆ. ಡಿಸ್ಕ್ ಕೂತಿದ್ದರೆ ಆ ಫೋಲ್ಡರಿಗೆ ಹಾಕಿದ್ದೆಲ್ಲ ಡಿಸ್ಕಿಗೆ ಹೋಗುತ್ತದೆ. ಡಿಸ್ಕ್ ಎದ್ದುಹೋಗಿದ್ದರೂ ಫೋಲ್ಡರ್ ಮಾತ್ರ ಅಲ್ಲೇ ಇರುತ್ತದೆ, ಆಗ ಹಾಕಿದ್ದು ಸರ್ವರಿನ ಹೊಟ್ಟೆಗೇ ಬೀಳುತ್ತದೆ. ನನ್ನ ಸ್ಕ್ರಿಪ್ಟ್ ಡಿಸ್ಕ್ ಇದೆಯೇ ಎಂದು ಕೇಳುತ್ತಿರಲಿಲ್ಲ. ಶನಿವಾರ ಒಂದು ಗಂಟೆಗೆ ಎದ್ದು ಇಪ್ಪತ್ತೊಂಬತ್ತು ಜಿಬಿಯನ್ನು ಸರ್ವರಿನಿಂದ ಸರ್ವರಿಗೇ ನಕಲು ಮಾಡಿತು. ಭಾನುವಾರ ಮತ್ತೆ ಶುರು ಮಾಡಿತು, ಹನ್ನೆರಡು ಜಿಬಿ ಆಗುವಷ್ಟರಲ್ಲಿ ಜಾಗ ಮುಗಿಯಿತು. ಅಲ್ಲಿಗೆ ನಲವತ್ತೊಂದು. ಸೋಮವಾರ ಫೋರ್ಮನ್ ಡಿಸ್ಕನ್ನು ತಂದು ಅದೇ ಫೋಲ್ಡರಿನ ಮೇಲೆ ಕೂರಿಸಿದಾಗ ಕೆಳಗಿದ್ದದ್ದೆಲ್ಲ ಚಾಪೆಯ ಅಡಿಗೆ ಸೇರಿದ ಕಸದ ಹಾಗೆ ಮುಚ್ಚಿಹೋಯಿತು. ಅದಕ್ಕೇ ಡಿಯು ಅದನ್ನು ಕಾಣಲಿಲ್ಲ.

ಮಾಲೀಕರಿಗೆ ಅರ್ಧ ಗಂಟೆ ತಡೆಯಿರಿ ಎಂದು ಹೇಳಿ ಮತ್ತೆ ಸರ್ವರ್ ಮುಂದೆ ಕೂತೆ. ಫೋರ್ಮನ್ ಪಕ್ಕದಲ್ಲಿ ನಿಂತರು. ಯುಎಸ್‌ಬಿ ಡಿಸ್ಕನ್ನು ಆಜ್ಞೆ ಕೊಟ್ಟು ಎಬ್ಬಿಸಿದೆ. ಅದು ಎದ್ದ ಜಾಗದಲ್ಲಿ ಖಾಲಿ ಇರಬೇಕಾದ ಫೋಲ್ಡರಿನೊಳಗೆ ಎರಡು ಫೋಲ್ಡರುಗಳು ಕಂಡವು. ನಾನು ಕುರ್ಚಿಯಲ್ಲೇ ಒಂದು ಸಲ ಕುಪ್ಪಳಿಸಿದೆ.

"ಸಿಕ್ತು ಸಾರ್. ಜಾಗ ತಿಂದಿದ್ದು ಇದೇ."

ಕೈ ತನ್ನಷ್ಟಕ್ಕೆ ಓಡಿತು. ಎರಡನ್ನೂ ಅಳಿಸಿಹಾಕುವ ಆಜ್ಞೆಯನ್ನು ಪೂರ್ತಿ ಬರೆದೆ. ಲಿನಕ್ಸಿನಲ್ಲಿ ಅಳಿಸಿದ್ದು ಅಳಿಸಿದ್ದೇ, ನಿಜವಾಗಿಯೂ ಬೇಕೇ ಎಂದು ಅದು ಕೇಳುವುದಿಲ್ಲ. ಬೆರಳು ಎಂಟರ್ ಕೀ ಮೇಲಿತ್ತು.

"ಏನ್ ಮೇಡಂ ಅದು?" ಎಂದರು ಫೋರ್ಮನ್.

"ಕಸ. ತೆಗೆದ್ಬಿಡ್ತೀನಿ."

"ಯಾವತ್ತಿನ್ ಕಸ?"

"ಶನಿವಾರದ್ದು, ಭಾನುವಾರದ್ದು."

ನಾನು ಬೆರಳನ್ನು ಕೀ ಮೇಲಿಂದ ಎತ್ತಿ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವರು ಬಗ್ಗಿ ಪರದೆಯ ಹತ್ತಿರಕ್ಕೆ ಮುಖ ತಂದರು. ಆ ಎರಡು ದಿನ ಕೈಗೆ ಸಿಕ್ಕಿದ್ದು ಅಂದಿದ್ದರಲ್ಲ, ಆ ಎರಡು ದಿನಗಳು ಅಲ್ಲಿದ್ದವು.

ಬರೆದ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಅಳಿಸಿದೆ. ಆದರೂ ಸಂತೋಷಪಡುವ ಹಾಗಿರಲಿಲ್ಲ. ಬೇಕಾದದ್ದು ಭಾನುವಾರದ ನಕಲು, ಅದು ಅರ್ಧಕ್ಕೇ ನಿಂತಿತ್ತು. ಇಪ್ಪತ್ತೊಂಬತ್ತರಲ್ಲಿ ಹನ್ನೆರಡು ಮಾತ್ರ ಬಂದಿತ್ತು. ಸ್ಕ್ರಿಪ್ಟ್ ಫೋಲ್ಡರುಗಳನ್ನು ಹೆಸರಿನ ಕ್ರಮದಲ್ಲಿ ನಕಲು ಮಾಡುತ್ತದೆ. ಅಂಕಿಗಳು ಮೊದಲು, ಆಮೇಲೆ ಎ, ಬಿ, ಸಿ. ಪಂಪಿನ ಭಾಗ ಎಂದರೆ ಪಿ, ಅಷ್ಟು ಹೊತ್ತಿಗೆ ಜಾಗ ಮುಗಿದಿರುತ್ತದೆ.

"ನಿಮ್ಮ ಫೋಲ್ಡರ್ ಹೆಸರೇನು ಸಾರ್?"

"ಸೊನ್ನೆ ಸೊನ್ನೆ ಶ್ರೀ."

"ಏನು?"

"ಹೊಸ ಕೆಲ್ಸ ಏನೇ ಶುರು ಮಾಡಿದ್ರೂ ಮೇಲೆ ಶ್ರೀ ಬರೀಬೇಕಲ್ಲ. ಶ್ರೀ ಅಂತ ಮಾತ್ರ ಇಟ್ರೆ ಕಂಪ್ಯೂಟ್ರು ಅದನ್ನ ಕೆಳಗೆ ಎಸ್ ಹತ್ರ ತಗಂಡೋಗಿ ಆಕ್ತದೆ. ಶ್ರೀ ಕೆಳಗಿರ್ಬಾರ್ದು ಅಂತ ಮುಂದೆ ಎರಡು ಸೊನ್ನೆ ಇಟ್ಟೆ. ಎಲ್ಲಕ್ಕಿಂತ ಮೇಲೆ ಬರ್ತದೆ."

ಭಾನುವಾರದ ಫೋಲ್ಡರನ್ನು ತೆರೆದೆ. ಮೊದಲ ಸಾಲಿನಲ್ಲೇ ಇತ್ತು, ಸೊನ್ನೆ ಸೊನ್ನೆ ಶ್ರೀ. ಅದರೊಳಗೆ ಪಂಪಿನ ಕವಚದ ಪ್ರೋಗ್ರಾಂ, ಭಾನುವಾರ ಹನ್ನೊಂದು ಐವತ್ತೆರಡಕ್ಕೆ ಸೇವ್ ಮಾಡಿದ್ದು. ಸೊನ್ನೆಯಲ್ಲ, ಪೂರ್ತಿ ಇತ್ತು.

ಇಂಥ ಹೊತ್ತಿನಲ್ಲಿ ಗಂಭೀರವಾಗಿರಬೇಕು ಎಂಬುದು ನನ್ನ ನಿಯಮ. ಅಂದು ಆಗಲಿಲ್ಲ. ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು. ಫೋರ್ಮನ್ ಮಾತ್ರ ನಗಲಿಲ್ಲ. "ತೆಗ್ದು ತೋರ್ಸಿ" ಎಂದರು. ಪೆನ್ ಡ್ರೈವಿಗೆ ನಕಲು ಮಾಡಿ ಅವರ ಕಂಪ್ಯೂಟರಿನಲ್ಲಿ ತೆರೆದೆ. ಅವರು ಕನ್ನಡಕ ಏರಿಸಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ತುಟಿ ಅಲ್ಲಾಡಿಸುತ್ತ, ಗಾಳಿಯಲ್ಲಿ ಬೆರಳಿನಿಂದ ಕಟರ್ ಓಡಿಸುತ್ತ ಓದಿದರು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಪೂಜೆಯ ಪುರಿಕಡಲೆ ತಿನ್ನುತ್ತ ಕೂತಿದ್ದೆ. ಕೊನೆಗೆ ಅವರು ಕನ್ನಡಕ ತೆಗೆದು, "ಇದೇ" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಪುರಿಯಲ್ಲಿ ತಾವೂ ಒಂದು ಹಿಡಿ ತೆಗೆದುಕೊಂಡರು.

ಆ ಎರಡು ಫೋಲ್ಡರುಗಳನ್ನು ನಾನು ಹಾಗೇ ಅಳಿಸಿಹಾಕಲಿಲ್ಲ. ಯುಎಸ್‌ಬಿ ಡಿಸ್ಕಿಗೆ ಸಾಗಿಸಿ, ಸರಿಯಾಗಿ ಹೋಗಿದೆಯೇ ಎಂದು ಹೋಲಿಸಿ ನೋಡಿ, ಆಮೇಲೆ ಜಾಗ ಬಿಡಿಸಿದೆ. ಮಧ್ಯಾಹ್ನ ಮೂರಕ್ಕೆ ಪ್ರೋಗ್ರಾಂ ಮೆಷಿನ್ನಿಗೆ ಹೋಯಿತು. ನನಗೆ ಜಾಲಹಳ್ಳಿ ಕ್ರಾಸಿನಲ್ಲಿ ಬೇರೆ ಕೆಲಸವಿತ್ತು, ಹೋಗಲಿಲ್ಲ. ಗಾಜಿನ ಬಾಗಿಲ ಹೊರಗೆ ನಿಂತೆ. ನಡುಗುವ ಪ್ರೋಗ್ರಾಂ ಓಡಿದರೆ ಮೆಷಿನ್ ಕೀರಲು ದನಿಯಲ್ಲಿ ಕೂಗುತ್ತದೆ ಎಂದು ಅವರು ಹೇಳಿದ್ದರು. ಅಂದು ಕೂಗಲಿಲ್ಲ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ, ಒಂದೇ ಸಮನೆ ಗುಂಯ್ ಎನ್ನುತ್ತ ಕೊರೆಯಿತು. ತುಂಡು ಹೊರಬಂದಾಗ ಫೋರ್ಮನ್ ಅದನ್ನು ಮೊದಲು ನನ್ನ ಕೈಗೇ ಕೊಟ್ಟರು. ಒಳಮೈ ಮೇಲೆ ಬೆರಳಾಡಿಸಿದೆ. ನುಣ್ಣಗಿತ್ತು.

ಮಾಲೀಕರು ಬಂದು ತುಂಡು ನೋಡಿದರು, ಖುಷಿಪಟ್ಟರು, ಆಮೇಲೆ ಕೇಳಿದರು. "ಎಲ್ಲಾ ಸರಿ, ತಪ್ಪು ಯಾರ್ದು?"

"ನಂದು, ನಾನೇ ಡಿಸ್ಕು ಕಿತ್ತಿದ್ದು" ಎಂದರು ಫೋರ್ಮನ್.

"ಅವರ್ದಲ್ಲ, ನಂದು" ಎಂದೆ ನಾನು. "ಡಿಸ್ಕ್ ಇದ್ಯಾ ಅಂತ ನೋಡದೇ ನಕಲು ಮಾಡೋ ಸ್ಕ್ರಿಪ್ಟ್ ಬರ್ದಿದ್ದು ನಾನು. ಜಾಗ ಮುಗೀತು ಅಂತ ಅದು ಭಾನುವಾರವೇ ಪತ್ರ ಬರೆದಿತ್ತು, ಆದ್ರೆ ಸರ್ವರ್ ಒಳಗಿನ ನನ್ನ ಅಂಚೆಪೆಟ್ಟಿಗೆಗೆ. ನಾನು ಅದನ್ನ ತೆಗೆದು ನೋಡಿ ವರ್ಷ ಆಗಿತ್ತು."

"ಇಲ್ಲ ಸಾರ್, ಚೀಟಿ ಇತ್ತು, ಓದ್ಕಂಡೇ ಕಿತ್ತಿದ್ದು" ಎಂದರು ಫೋರ್ಮನ್. ಮಾಲೀಕರು ಇಬ್ಬರನ್ನೂ ನೋಡಿ, "ನೀವಿಬ್ರೂ ಕಿತ್ತಾಡಿ ತೀರ್ಮಾನ ಮಾಡ್ಕೊಂಡು ಬುಧವಾರ ಹೇಳಿ" ಎಂದು ಹೊರಟುಹೋದರು.

ಬುಧವಾರ ಬಂದದ್ದು ಫೋರ್ಮನ್‌ರ ಫೋನ್. ಇನ್‌ಸ್ಪೆಕ್ಟರ್‌ಗಳು ಒಳಮೈಗೆ ಬೆಳಕು ಬಿಟ್ಟು ನೋಡಿದರಂತೆ, ಅಳೆದರಂತೆ, ಪ್ರೋಗ್ರಾಂ ಬರೆದದ್ದು ಯಾರು ಎಂದು ಕೇಳಿದರಂತೆ. "ಮಾಲೀಕ್ರು ನನ್ ಕಡೆ ಕೈ ತೋರ್ಸುದ್ರು ಮೇಡಂ" ಎಂದು ಹೇಳಿ, ಅದನ್ನೇ ಇನ್ನೊಂದು ಸಲ ಹೇಳಿದರು.

ಮುಂದಿನ ಶನಿವಾರ ಹೋಗಿ ನನ್ನ ಕೆಲಸ ತಿದ್ದಿದೆ. ಎಲ್ಲವನ್ನೂ ಒಂದೇ ಪಾರ್ಟಿಷನ್ನಿನಲ್ಲಿ ತುಂಬಿದ್ದನ್ನು ಬಿಡಿಸಿ, ಫ್ಯಾಕ್ಟರಿಯ ಫೈಲುಗಳಿಗೆ ಬೇರೆ ಪಾರ್ಟಿಷನ್ ಮಾಡಿದೆ. ಲಿನಕ್ಸನ್ನು ಹೊಸದಕ್ಕೆ ಏರಿಸಿ, ಬೇಕಾಗುವ ಸಾಫ್ಟ್‌ವೇರುಗಳ ಒಂದು ಪುಟ್ಟ ಉಗ್ರಾಣವನ್ನು ಡಿವಿಡಿಯಲ್ಲಿ ಅಲ್ಲೇ ಇಟ್ಟೆ. ಸ್ಕ್ರಿಪ್ಟಿನ ತಲೆಗೆ ಎರಡು ಸಾಲು ಸೇರಿಸಿದೆ. ಡಿಸ್ಕ್ ಕೂತಿಲ್ಲದಿದ್ದರೆ ನಕಲು ಮಾಡಬೇಡ, ನನ್ನ ಮೊಬೈಲಿಗೆ ಮೆಸೇಜ್ ಕಳಿಸು. ಇನ್ನೊಂದು ಯುಎಸ್‌ಬಿ ಡಿಸ್ಕನ್ನೂ ತರಿಸಿದೆ, ಒಂದು ಪೂಜೆಗೆ ಕೂತಾಗ ಇನ್ನೊಂದು ಕೆಲಸ ಮಾಡಲಿ ಎಂದು. ಫೋನ್ ಎತ್ತಿದ ಕೂಡಲೇ "ಏನೂ ಮುಟ್ಬೇಡಿ" ಎನ್ನುವುದನ್ನು ಬಿಡಲು ಪ್ರಯತ್ನಪಟ್ಟೆ. "ಏನೇನು ಮುಟ್ಟಿದ್ರಿ, ಹೇಳಿ, ಬೈಯಲ್ಲ" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಯಾರೂ ನಂಬಲಿಲ್ಲ.

ಮುಂದಿನ ವರ್ಷ ಆಯುಧಪೂಜೆಯ ದಿನ ಮಧ್ಯಾಹ್ನ ನಾನು ಮನೆಯಲ್ಲಿ ಸ್ಕೂಟರ್ ತೊಳೆಯುತ್ತಿದ್ದೆ. ಒಂದು ಗಂಟೆ ದಾಟಿ ಎರಡು ನಿಮಿಷಕ್ಕೆ ಮೊಬೈಲ್ ಸದ್ದು ಮಾಡಿತು. ಡಿಸ್ಕ್ ಇಲ್ಲ, ಬ್ಯಾಕಪ್ ನಿಲ್ಲಿಸಲಾಗಿದೆ. ಒದ್ದೆ ಕೈಯಲ್ಲೇ ಫೋನ್ ಮಾಡಿದೆ.

"ಸಾರ್, ಎರಡನೇ ಡಿಸ್ಕ್ ಎಲ್ಲಿ?"

"ನನ್ ಕೈಲೇ ಅದೆ" ಎಂದರು ಫೋರ್ಮನ್. "ಮೊದಲ್ನೇದು ಪೂಜೇಲಿ ಕೂತದೆ. ಇದನ್ನ ನಾನೇ ಕಿತ್ತೆ. ನಿಮ್ ಸ್ಕ್ರಿಪ್ಟು ಕೂಗ್ತದೋ ಇಲ್ವೋ ನೋಡಾನ ಅಂತ. ಎಷ್ಟೊತ್ತಿಗೆ ಬಂತು ಮೆಸೇಜು?"

ಬೈಯಲು ತೆರೆದ ಬಾಯಲ್ಲಿ ನಗು ಬಂತು. "ಒಂದು ಗಂಟೆ ಎರಡು ನಿಮಿಷಕ್ಕೆ" ಎಂದೆ.

"ಸರಿ. ವಾಪಸ್ ಆಕ್ತೀನಿ, ಇಡಿ ಫೋನು."

ಅದಾದ ವಾರಕ್ಕೆ ಆ ಕಡೆ ಹೋದಾಗ ಸಂದಿಯಿಂದ ಡಿಸ್ಕನ್ನು ಎಳೆದು ನೋಡಿದೆ. ಇದನ್ನು ಯಾರೂ ತೆಗೆಯಬಾರದು ಎಂಬ ನನ್ನ ಕೆಂಪು ಚೀಟಿಯ ಪಕ್ಕದಲ್ಲಿ, ಮೈಕ್ರೋಮೀಟರುಗಳಿಗೆ ಅಂಟಿಸುವ ಹಸಿರು ಚೀಟಿಯೊಂದನ್ನು ಅಂಟಿಸಿದ್ದರು. ಪರೀಕ್ಷಿಸಿದ ದಿನ: ಆಯುಧಪೂಜೆ. ಮುಂದಿನ ಪರೀಕ್ಷೆ: ಆಯುಧಪೂಜೆ. ಕೆಳಗೆ ಅವರ ಸಹಿ ಇತ್ತು.